ಗಾಳಿ ಕಟ್ಟಿತ್ತು

ಅರಸೀಕೆರೆಯಲ್ಲಿ ಮಾಗಿಯ ಬೆಳಗು, ಐದೂ ಮುಕ್ಕಾಲು.
ಕೊಬ್ಬರಿ ಮಂಡಿ ಚಂದ್ರಮೌಳಿಯವರ ಹಿತ್ತಿಲಲ್ಲಿ
ಬಾಯ್ಲರಿನ ಹೊಟ್ಟೆಗೆ ಕರಟ ತುರುಕುತ್ತ
ನಿಂತಿದ್ದಾನೆ ಅವರ ಮಗ, ಕಣ್ಣ ತುಂಬ ಹೊಗೆ.

"ಮೂರು ಚೀಲ ಕರಟ ಸುಟ್ಟಾಯ್ತು ಮುನೀರಣ್ಣ, ಈ ವಾರ.
ಕೆಳಗೆ ಹೆಂಗೋ ಕಾಯುತ್ತೆ,
ಮೇಲಕ್ಕೆ ಉಗುರುಬೆಚ್ಚಗೂ ಹೋಗಲ್ಲ.
ಇದರಲ್ಲಿ ಯಾರದೋ ಕೈ ಇದೆ"
ಅಂದರು ಶಿವಲೀಲಮ್ಮ.
ಯಾರದೋ ಅನ್ನುವಾಗ ಕಣ್ಣು ಮೆಟ್ಟಿಲ ಕಡೆ.

ನಾನು ಮೊದಲು ಜನರ ಮಾತು ಕೇಳುವವನಲ್ಲ,
ಪೈಪಿನ ಮಾತು ಕೇಳುವವನು.
ಅಪ್ಪ ಲೋಕೋ ಶೆಡ್ಡಿನಲ್ಲಿ
ಉಗಿ ಎಂಜಿನ್ನಿನ ಪಕ್ಕೆಗೆ ಸ್ಕ್ರೂಡ್ರೈವರ್ ಊರಿ
ಹಿಡಿಗೆ ಕಿವಿಯೊಡ್ಡಿ, ಸೋರುವುದು ಎಲ್ಲಿ
ಎಂದು ಬೆರಳಿಟ್ಟು ತೋರಿಸುತ್ತಿದ್ದ.
ಕೊನೆಗೆ ಆ ಕಿವಿಯೇ ಹೋಯಿತು.
ಆಮೇಲೆ ಅಂಗೈಯಲ್ಲಿ ಕೇಳುತ್ತಿದ್ದ.

ಬೆಂಕಿ ಸರಿಯಿದೆ.
ಹೊಗೆಕೊಳವೆಯಲ್ಲಿ ಮಸಿ ಇದೆ, ಅದು ಯಾರ ಮನೆಯಲ್ಲಿಲ್ಲ?
ಯೂನಿಯನ್ ಬಿಚ್ಚಿದೆ. ಸೋಪು ನೊರೆಯೇಳದ ನಮ್ಮೂರ ಬೋರಿನ ನೀರು
ಒಳಗೆ ಬಳಿದಿತ್ತು ಸುಣ್ಣ, ವರ್ಷದ ಮೇಲೆ ವರ್ಷ;
ಒಂದಿಂಚು ಕೊಳವೆಯಲ್ಲಿ ಕಿರುಬೆರಳಿಗಷ್ಟೇ ದಾರಿ.
ಕೆರೆದೆ. ಬಿಳಿ ಹಕ್ಕಳೆ ಉದುರಿತು.
ಸೆಣಬು ಸುತ್ತಿ, ಬಿಗಿದು, ನೀರು ಬಿಟ್ಟೆ.
ಕೆಳಗೆ ಜೋರು.
ಮೇಲೆ ಅದೇ.

ಬೀಡಿ ಹಚ್ಚಲು ಪಕ್ಕಕ್ಕೆ ಬಂದಾಗ ಕಂಡಿತು:
ದಾಳಿಂಬೆ ಗಿಡದ ಬುಡ ಕೆಸರು.
ಬಾಯ್ಲರಿನ ಪುಟ್ಟ ತೊಟ್ಟಿ ತುಂಬಿ ಚೆಲ್ಲುತ್ತಿದೆ,
ನಲ್ಲಿಗಳೆಲ್ಲ ಮುಚ್ಚಿರುವಾಗ!
ಅಂಗೈಯಿಟ್ಟೆ ಬಿಸಿನೀರಿನ ಪೈಪಿನ ಮೇಲೆ, ಗೋಡೆಯುದ್ದಕ್ಕೆ.
ಬಾಯ್ಲರಿನ ಬಳಿ ಸುಡುವ ಮೈ,
ಮೆಟ್ಟಿಲ ತಿರುವಿನಲ್ಲಿ ಹದ,
ಮೇಲಂತಸ್ತಿನಲ್ಲಿ ಹಾವು.
ಬಿಸಿ ಹತ್ತಬೇಕಾದ ದಾರಿಯಲ್ಲಿ
ತಣ್ಣೀರು ಇಳಿಯುತ್ತಿದೆ.

ಮೇಲಿನ ಬಚ್ಚಲಲ್ಲಿ ಮಿಕ್ಸರಿನ ಎರಡೂ ತಿರುಪು
ಪೂರ್ತಿ ತೆರೆದೇ ಇವೆ.
ತುದಿಗೆ ಯಾರೋ ಪ್ಲಾಸ್ಟಿಕ್ಕಿನ ಕಾಕ್ ಸಿಕ್ಕಿಸಿದ್ದಾರೆ,
ಮಣಿಕಟ್ಟಿನಿಂದ ತಟ್ಟಿದರೆ ಮುಚ್ಚುವಂಥದ್ದು.
ತುದಿ ಮುಚ್ಚಿದರೆ ಎರಡು ನೀರಿಗೂ ಹೊರದಾರಿಯಿಲ್ಲ,
ಎತ್ತರದ ಟ್ಯಾಂಕಿನದು ತಗ್ಗಿನದರ ಮನೆ ಹೊಕ್ಕುತ್ತದೆ.

ಬಾಗಿಲಲ್ಲಿ ರುದ್ರಾಣಕ್ಕ, ಚಂದ್ರಮೌಳಿಯವರ ಅಕ್ಕ.
ಮೂವತ್ತೊಂದು ವರ್ಷ ಹೊಲಿಗೆ ಕಲಿಸಿದ ಕೈ,
ಬೆರಳೆಲ್ಲ ಈಗ ಶುಂಠಿ ಕೊಂಬು.
"ತಿರುಪು ತಿರುಗಿಸಾಕೆ ಆಗಲ್ಲ ಕಣಪ್ಪ" ಅಂದಳು ಪಿಸುದನಿಯಲ್ಲಿ.
"ಹೇಳಿದ್ರೆ, ಸ್ನಾನಕ್ಕೂ ಒಬ್ಬರು ಬಂದು ನಿಲ್ತಾರೆ.
ತಣ್ಣೀರು ನಂಗೆ ಅಭ್ಯಾಸ ಆಯ್ತು ಬಿಡು."

ನಾನೇನೂ ಅನ್ನಲಿಲ್ಲ.
ಚೀಲದಲ್ಲಿ ಹಳೆಯ ಒಮ್ಮುಖ ವಾಲ್ವು ಒಂದಿತ್ತು, ಕೂರಿಸಿದೆ.
ತಿರುಪುಗಳ ಜಾಗಕ್ಕೆ ಉದ್ದ ಹಿಡಿಯವು,
ಆಸ್ಪತ್ರೆ ಕೆಲಸದಲ್ಲಿ ಮಿಕ್ಕಿದ್ದು,
ಮೊಣಕೈಯಿಂದ ತಳ್ಳಿದರೂ ಸಾಕು.
ಪ್ಲಾಸ್ಟಿಕ್ ಕಾಕ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಕೆಳಗೆ ಕಾಯುತ್ತಿದ್ದರು.
"ಏನಾಗಿತ್ತು?"
"ಗಾಳಿ ಕಟ್ಟಿತ್ತು."
"ಬರೀ ಗಾಳಿನಾ?"
"ಗಾಳಿಗೆ ಯಾರನ್ನ ಬಯ್ಯೋಕಾಗುತ್ತೆ ಅಮ್ಮ."
ಚೀಟಿಯಲ್ಲಿ ಬರೆದೆ: ಸುಣ್ಣ ಕೆರೆದದ್ದು, ನಾನೂರು.
ಹಿಡಿಗಳ ಲೆಕ್ಕ ಬರೆಯಲಿಲ್ಲ.
ಅಪ್ಪ ಇದ್ದಿದ್ದರೆ ಬಯ್ಯುತ್ತಿದ್ದ, ಸುಳ್ಳಿಗಲ್ಲ,
ಬಿಟ್ಟ ದುಡ್ಡಿಗೆ.

ಗೇಟಿನ ಬಳಿ ಗಾಡಿ ಒದೆಯುವಾಗ
ಮೇಲಿನ ಕಿಂಡಿಯಲ್ಲಿ ಹಬೆ,
ಬಕೆಟ್ಟಿಗೆ ನೀರು ಬೀಳುವ ಸದ್ದು.
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಒಳಗಿಂದ, ಬೀದಿಗೆಲ್ಲ ಕೇಳುವ ಹಾಗೆ,
"ಅಯ್ಯಯ್ಯೋ, ಸುಡ್ತು!"